ಧ್ವನಿ ದಿನಚರಿ: ಮಾತು ಅಕ್ಷರವಾಗುವುದು ಎಲ್ಲಿ?

ಕಾಸರಗೋಡಿನ ಬರಹಗಾರರ ಫೋನಿನಲ್ಲಿ ಧ್ವನಿ ದಿನಚರಿಯ ಆ್ಯಪ್‌ಗಳನ್ನು ಹೊಂದಿಸಿಕೊಡುವುದು ನನ್ನ ಕೆಲಸಗಳಲ್ಲೊಂದು. ಅಡಿಕೆ ತೋಟದಲ್ಲೋ ಬದಿಯಡ್ಕದ ಬಸ್ಸಿನಲ್ಲೋ ಹೊಳೆದ ಸಾಲನ್ನು ಫೋನಿಗೆ ಹೇಳಿಟ್ಟುಕೊಳ್ಳುವವರೆಲ್ಲ ಮೊದಲು ಕೇಳುವುದು, ಅದು ಕನ್ನಡವನ್ನು ಸರಿಯಾಗಿ ಬರೆಯುತ್ತದೆಯೇ ಎಂದು. ಮನೆಯ ತಕರಾರು, ಯಾರಿಗೂ ತೋರಿಸದ ಕತೆಯ ಎಳೆ ಎಲ್ಲವೂ ಆ ಮಾತಿನಲ್ಲಿರುವುದರಿಂದ, ಅದು ಅಕ್ಷರವಾಗುವುದು ಫೋನಿನೊಳಗೋ ದೂರದ ಸರ್ವರಿನಲ್ಲೋ ಎಂಬುದನ್ನು ಅದಕ್ಕಿಂತ ಮೊದಲೇ ಕೇಳಬೇಕೆಂದು ನಾನು ಹೇಳುತ್ತೇನೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈ-ಫೈಯನ್ನೂ ಆರಿಸಿ ಎರಡು ನಿಮಿಷ ಮಾತಾಡಿ. ಬರಹ ಮೂಡಿದರೆ ಕೆಲಸ ಒಳಗೇ ನಡೆದಿದೆ. ಆದರೆ ನೆಟ್‌ವರ್ಕ್ ಬಂದೊಡನೆ ಕಡತ ಬ್ಯಾಕಪ್ಪಿಗೆ ಹೊರಟುಬಿಡಬಹುದು, ಆ ಸೆಟ್ಟಿಂಗನ್ನೂ ನೋಡಿಕೊಳ್ಳಿ.

ಓಪನ್‌ಎಐ 2022ರ ಸೆಪ್ಟೆಂಬರಿನಲ್ಲಿ ಮುಕ್ತವಾಗಿ ಬಿಟ್ಟುಕೊಟ್ಟ, ಮಾತನ್ನು ಬರಹವಾಗಿಸುವ ವಿಸ್ಪರ್ ಎಂಬ ಎಐ ಮಾದರಿ ಇಂಥ ಹಲವು ಆ್ಯಪ್‌ಗಳ ಒಳಗಿದೆ. 6,80,000 ಗಂಟೆಗಳ ಧ್ವನಿಯಿಂದ ಕಲಿತ ಅದಕ್ಕೆ ಕನ್ನಡವೂ ಮಲಯಾಳವೂ ಗೊತ್ತು, ತುಳು ಗೊತ್ತಿಲ್ಲ. ಭಾಷೆ ಯಾವುದೆಂದು ನಾವು ಹೇಳದಿದ್ದರೆ ಮೊದಲ 30 ಸೆಕೆಂಡುಗಳನ್ನು ಕೇಳಿ ತಾನೇ ತೀರ್ಮಾನಿಸಿ, ಇಡೀ ಕಡತಕ್ಕೆ ಅದನ್ನೇ ಹಿಡಿದುಕೊಳ್ಳುತ್ತದೆ. ಗಡಿನಾಡಿನಲ್ಲಿ ಇದು ಸಣ್ಣ ವಿಷಯವಲ್ಲ. ಪೆರ್ಲದ ಹಿರಿಯರೊಬ್ಬರು ರೆಕಾರ್ಡಿಂಗ್ ಒತ್ತಿದ ಹೊತ್ತಿಗೇ ಅಂಗಳಕ್ಕೆ ಬಂದ ಮೀನು ಮಾರುವವನೊಡನೆ ಮಲಯಾಳದಲ್ಲಿ ನಾಲ್ಕು ಮಾತಾಡಿದ್ದರು. ಆಮೇಲಿನ ಇಪ್ಪತ್ತು ನಿಮಿಷಗಳ ಕನ್ನಡವೆಲ್ಲ ಮಲಯಾಳ ಲಿಪಿಯಲ್ಲಿ, ಅರ್ಥವಿಲ್ಲದ ಪದಗಳಾಗಿ ಸಾಲುಗಟ್ಟಿತ್ತು. ಭಾಷೆಯನ್ನು ಕನ್ನಡವೆಂದು ನಿಗದಿಪಡಿಸಿ ಮತ್ತೆ ಓಡಿಸಿದಾಗ ಹೆಚ್ಚಿನದು ಸರಿಯಾಯಿತು.

ಸರಿಯಾಗದೆ ಉಳಿದದ್ದೇ ನನಗೆ ಮುಖ್ಯವಾಗಿ ಕಂಡಿತು. ಅಜ್ಜಿಯ ಮಾತೆಂದು ಅವರು ಹವ್ಯಕ ಕನ್ನಡದಲ್ಲಿ ಹೇಳಿದ್ದ ‘ಆನು’ ಬರಹದಲ್ಲಿ ‘ನಾನು’ ಆಗಿತ್ತು. ಓದುವವರಿಗೆ ಅಲ್ಲಿ ತಪ್ಪೇ ಕಾಣುವುದಿಲ್ಲ, ಅಜ್ಜಿ ಮಾತ್ರ ಇಲ್ಲವಾಗುತ್ತಾಳೆ. ಅಲ್ಲದೆ, ಮೌನವಿದ್ದಲ್ಲಿ ಯಾರೂ ಆಡದ ಪದಗಳನ್ನು ಈ ಮಾದರಿ ತಾನಾಗಿ ಬರೆದುಬಿಡುವುದೂ ಉಂಟು. ಆದ್ದರಿಂದ ಬರಹ ಸಿಕ್ಕಿತೆಂದು ಧ್ವನಿಯನ್ನು ಅಳಿಸಬೇಡಿರೆಂದು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. 16 ಕಿಲೋಹರ್ಟ್ಸ್‌ನ ಏಕವಾಹಿನಿ (ಮೋನೊ) ಧ್ವನಿ, ಅಂದರೆ ಮಾತಿಗೆ ಸಾಕಾಗುವ ಗುಣಮಟ್ಟದ್ದು, ಕುಗ್ಗಿಸದೆ ಗಂಟೆಗೆ ಸುಮಾರು 115 ಎಂಬಿ ಹಿಡಿದರೆ, ಓಪಸ್ ಎಂಬ ಕಡತ ರೂಪದಲ್ಲಿ ಸೆಕೆಂಡಿಗೆ 24 ಕಿಲೋಬಿಟ್‌ಗೆ ಕುಗ್ಗಿಸಿದಾಗ 11 ಎಂಬಿಗೆ ಇಳಿಯುತ್ತದೆ. ಒಂದು ವರ್ಷದ ದಿನಚರಿ ಪೆನ್‌ಡ್ರೈವ್‌ನಲ್ಲಿ ಸಲೀಸಾಗಿ ಕೂರುತ್ತದೆ, ಅದಕ್ಕೊಂದು ಪಾಸ್‌ವರ್ಡ್ ಇರಲಿ. ಪೆರ್ಲದ ಹಿರಿಯರು ಈಗ ಬರಹದ ಪ್ರತಿಯನ್ನು ಮುಂದಿಟ್ಟುಕೊಂಡು, ಧ್ವನಿಯನ್ನು ಮತ್ತೆ ಕೇಳುತ್ತ, ‘ನಾನು’ ಆಗಿಹೋದ ‘ಆನು’ಗಳನ್ನು ಒಂದೊಂದಾಗಿ ಕೈಯಾರೆ ತಿದ್ದುತ್ತಾರೆ.