‘ಊಟ ಸೇರಲ್ಲ’ ಅನ್ನುವ ಮಾತಿನ ಹಿಂದೆ: ಒಂದು ಕಾಯಿಲೆಯ ಗುರುತು ಬದಲಾದ ಬಗೆ

ಮಂಡ್ಯ, ಮದ್ದೂರು, ಪಾಂಡವಪುರದ ಕಡೆ ಪಿಯುಸಿ ಓದುವ ಹುಡುಗಿ ನಾಲ್ಕೈದು ತಿಂಗಳಲ್ಲಿ ಸೊರಗಿಹೋದರೆ ಮನೆಯಲ್ಲಿ ಮೊದಲು ಕೇಳಿಬರುವ ಮಾತು ‘ಗ್ಯಾಸ್ಟ್ರಿಕ್’. ಮೆಡಿಕಲ್ ಶಾಪಿನ ಮಾತ್ರೆಗೆ ಬಗ್ಗದಿದ್ದರೆ ‘ದೃಷ್ಟಿ ಆಗೈತೆ’ ಎಂದು ತಾಯತ. ಅದಕ್ಕೂ ಬಗ್ಗದಿದ್ದರೆ ‘ಯಾರೋ ಮದ್ದು ಇಕ್ಕವ್ರೆ’ ಎಂದು ಮದ್ದು ಕಕ್ಕಿಸುವವರ ಮನೆಗೆ. ಕೊನೆಗೆ ತಲೆ ಸುತ್ತಿ ಬಿದ್ದಾಗ ನರ್ಸಿಂಗ್ ಹೋಮಿನಲ್ಲಿ ಎರಡು ಬಾಟಲಿ ಗ್ಲೂಕೋಸ್. ಇಷ್ಟರ ನಡುವೆ ‘ದಪ್ಪ ಆಗ್ತೀನಿ ಅಂತ ಭಯ’ ಎಂದು ಹುಡುಗಿ ಒಮ್ಮೆಯೂ ಹೇಳಿರುವುದಿಲ್ಲ. ‘ಊಟ ಸೇರಲ್ಲ, ತಿಂದ್ರೆ ಹೊಟ್ಟೆ ಉಬ್ಬರ್ಸುತ್ತೆ’ ಎಂದಷ್ಟೇ ಹೇಳಿರುತ್ತಾಳೆ. ಹಾಗಾಗಿ ಅನೊರೆಕ್ಸಿಯಾ, ಅಂದರೆ ಊಟ ಬಿಟ್ಟು ಅಪಾಯದ ಮಟ್ಟಕ್ಕೆ ಸೊರಗುವ ಮನೋರೋಗ, ಎಂಬ ಹೆಸರು ಯಾರ ಬಾಯಿಗೂ ಬರುವುದಿಲ್ಲ. ಇದಕ್ಕೆ ಮನೆಯವರನ್ನು ದೂರಿ ಫಲವಿಲ್ಲ. ವೈದ್ಯಶಾಸ್ತ್ರವೇ ಈ ಕಾಯಿಲೆಯ ಗುರುತನ್ನು ಮತ್ತೆ ಮತ್ತೆ ಬದಲಿಸಿದೆ. ಬದಲಿಸಿದಾಗಲೆಲ್ಲ ಒಂದಷ್ಟು ರೋಗಿಗಳು ಲೆಕ್ಕದಿಂದ ಹೊರಗುಳಿದಿದ್ದಾರೆ.

1689ರಲ್ಲಿ ಲಂಡನ್ನಿನ ವೈದ್ಯ ರಿಚರ್ಡ್ ಮಾರ್ಟನ್ ಕ್ಷಯದ ಬಗ್ಗೆ ಬರೆದ ಗ್ರಂಥದಲ್ಲಿ ಕೆಮ್ಮಿಲ್ಲದೆ, ಜ್ವರವಿಲ್ಲದೆ ಎಲುಬುಗೂಡಾದ ಹುಡುಗಿಯೊಬ್ಬಳ ವಿವರ ಕೊಟ್ಟು, ಇದು ನರಗಳ ಕ್ಷಯ ಎಂದ. 1873ರಲ್ಲಿ ಪ್ಯಾರಿಸ್ಸಿನ ಶಾರ್ಲ್ ಲಾಸೇಗ್ ಇದನ್ನು ಹಿಸ್ಟೀರಿಯಾದ ಬಗೆ ಎಂದರೆ, ಮರುವರ್ಷ ಲಂಡನ್ನಿನ ವಿಲಿಯಂ ಗಲ್ ‘ಅನೊರೆಕ್ಸಿಯಾ ನರ್ವೋಸಾ’ ಎಂಬ ಈಗಿನ ಹೆಸರನ್ನು ಅಚ್ಚಿಗೆ ತಂದ. ಮೂವರಲ್ಲಿ ಯಾರೂ ದಪ್ಪಗಾಗುವ ಭಯವನ್ನು ರೋಗದ ಮೂಲವೆಂದು ಹೇಳಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಗಲ್ ಇನ್ನೊಂದು ಮಾತನ್ನೂ ಬರೆದ: ಇಂಥ ರೋಗಿಯ ಆರೈಕೆಗೆ ಬಂಧುಬಳಗದಷ್ಟು ಅಯೋಗ್ಯರು ಬೇರೆಯಿಲ್ಲ. ಆ ಒಂದು ಮಾತು ನೂರು ವರ್ಷ ತಾಯಿತಂದೆಯರನ್ನು ವಾರ್ಡಿನ ಬಾಗಿಲಾಚೆ ನಿಲ್ಲಿಸಿತು. 1914ರಲ್ಲಿ ಜರ್ಮನಿಯ ಮೋರಿಸ್ ಸಿಮಂಡ್ಸ್ ಪಿಟ್ಯುಟರಿ ಗ್ರಂಥಿ ನಾಶವಾಗಿ ಸೊರಗಿ ಸತ್ತ ರೋಗಿಯ ಬಗ್ಗೆ ಬರೆದ ಮೇಲೆ, ಊಟ ಬಿಟ್ಟವರನ್ನೆಲ್ಲ ಗ್ರಂಥಿಯ ರೋಗಿಗಳೆಂದೇ ಬಹುಕಾಲ ನೋಡಲಾಯಿತು.

ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ರೋಗಿಗಳ ಮೇಲೆ ನಡೆದ ಪ್ರಯೋಗವಲ್ಲ. 1944ರ ನವೆಂಬರಿನಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಮಂದಿ ಗಟ್ಟಿಮುಟ್ಟಾದ ಯುವಕರನ್ನು ಸೇರಿಸಿದರು. ಎಲ್ಲರೂ ಯುದ್ಧಕ್ಕೆ ಹೋಗಲು ಒಪ್ಪದೆ, ಬದಲಿಗೆ ಈ ಸೇವೆಗೆ ತಾವಾಗಿ ಬಂದವರು. ಮೊದಲ ಮೂರು ತಿಂಗಳು ಹೊಟ್ಟೆ ತುಂಬ ಊಟ, ಆಮೇಲೆ 24 ವಾರ ಅರೆಹೊಟ್ಟೆ: ಬ್ರೆಡ್ಡು, ಆಲೂಗಡ್ಡೆ, ಟರ್ನಿಪ್ ಗೆಡ್ಡೆ, ಮ್ಯಾಕರೋನಿ. ದೇಹತೂಕದ ಕಾಲು ಭಾಗ ಇಳಿಯಿತು. ಯುದ್ಧದಲ್ಲಿ ಹಸಿದವರಿಗೆ ಮರಳಿ ಊಟ ಕೊಡುವುದು ಹೇಗೆಂದು ತಿಳಿಯುವುದು ಕೀಸ್ ಅವರ ಉದ್ದೇಶವಾಗಿತ್ತು. ಆದರೆ ಕಂಡದ್ದು ಬೇರೆ. ಆ ಯುವಕರು ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು, ಒಂದು ಊಟವನ್ನು ಗಂಟೆಗಟ್ಟಲೆ ಎಳೆದರು, ಗೆಳೆಯರಿಂದ ದೂರವಾದರು, ಮಾತುಮಾತಿಗೆ ರೇಗಿದರು. ಮತ್ತೆ ಊಟ ಸಿಕ್ಕಾಗ ಕೆಲವರು ಹೊಟ್ಟೆ ಬಿರಿಯುವಷ್ಟು ತಿಂದ ಮೇಲೂ ಹಸಿವು ಎಂದರು. ಅವರಲ್ಲಿ ಯಾರಿಗೂ ಮೊದಲೇ ಮನೋರೋಗವಿರಲಿಲ್ಲ, ತೆಳ್ಳಗಾಗುವ ಆಸೆಯೂ ಇರಲಿಲ್ಲ.

ಹಾಗಾದರೆ ರೋಗದ ಲಕ್ಷಣವೆಂದುಕೊಂಡ ಎಷ್ಟೋ ಸಂಗತಿ ಬರಿ ಹಸಿವಿನ ಫಲ. ಮಗಳು ತಾನು ಉಣ್ಣದೆ ಮನೆಮಂದಿಗೆಲ್ಲ ಒಬ್ಬಟ್ಟು ತಟ್ಟುವುದು, ದಿನವಿಡೀ ಅಡುಗೆ ವಿಡಿಯೊ ನೋಡುವುದು, ಒಂದು ಇಡ್ಲಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುವುದು ಹಟವಲ್ಲ, ನಾಟಕವಲ್ಲ. ‘ಗ್ಯಾಸ್ಟ್ರಿಕ್’ ಕೂಡ ಸುಳ್ಳಲ್ಲ. ಉಪವಾಸದಿಂದ ಜಠರದ ಚಲನೆ ನಿಧಾನವಾಗುತ್ತದೆ; ಎರಡು ತುತ್ತು ತಿಂದರೂ ಹೊಟ್ಟೆ ಕಲ್ಲಿನಂತೆ ಭಾರವಾಗುತ್ತದೆ. ಆ ಉಬ್ಬರ ಊಟ ಬಿಟ್ಟದ್ದರಿಂದ ಬಂದದ್ದು. ಅದಕ್ಕೆ ಮದ್ದೂ ಊಟವೇ. ಕೆಲವು ವಾರ ಹೊತ್ತುಹೊತ್ತಿಗೆ ತಿಂದರೆ ಇಳಿಯುತ್ತದೆ. ಇದನ್ನು ರೋಗಿಗೂ ಮನೆಯವರಿಗೂ ಮೊದಲ ದಿನವೇ ಬಿಡಿಸಿ ಹೇಳದಿದ್ದರೆ ಚಿಕಿತ್ಸೆ ಎರಡನೆಯ ವಾರಕ್ಕೇ ನಿಂತುಹೋಗುತ್ತದೆ.

ತನ್ನ ದೇಹದ ಬಗ್ಗೆ ರೋಗಿಗಿರುವ ಚಿತ್ರವೇ ತಿರುಚಿಕೊಂಡಿದೆ ಎಂದು 1960–70ರ ದಶಕದಲ್ಲಿ ಮನೋವೈದ್ಯೆ ಹಿಲ್ಡೆ ಬ್ರೂಕ್ ವಾದಿಸಿದರು. 1979ರಲ್ಲಿ ಲಂಡನ್ನಿನ ಜೆರಾಲ್ಡ್ ರಸೆಲ್ 30 ರೋಗಿಗಳನ್ನು ಆಧರಿಸಿ, ಗಬಗಬನೆ ತಿಂದು ಬೇಕೆಂದೇ ವಾಂತಿ ಮಾಡಿಕೊಳ್ಳುವ ಬಗೆಗೆ ‘ಬುಲಿಮಿಯಾ ನರ್ವೋಸಾ’ ಎಂದು ಹೆಸರಿಟ್ಟರು. ಬೆರಳ ಗೆಣ್ಣಿನ ಮೇಲೆ ಹಲ್ಲು ತಾಗಿ ಕಟ್ಟುವ ಗಟ್ಟಿ ಗಾಯಕ್ಕೆ ಇವತ್ತಿಗೂ ರಸೆಲ್ ಚಿಹ್ನೆ ಎಂದೇ ಹೆಸರು. 1980ರ ಹೊತ್ತಿಗೆ ದಪ್ಪಗಾಗುವ ಭಯ ರೋಗನಿರ್ಣಯದ ಕಡ್ಡಾಯ ಷರತ್ತಾಗಿ ಕುಳಿತಿತು.

ಈ ಷರತ್ತಿಗೆ ಏಷ್ಯಾದಿಂದ ತಕರಾರು ಬಂತು. ಹಾಂಗ್‌ಕಾಂಗ್‌ನ ಸಿಂಗ್ ಲೀ, ತಮ್ಮ ಎಷ್ಟೋ ರೋಗಿಗಳಿಗೆ ಆ ಭಯವೇ ಇಲ್ಲ, ಅವರು ಹೇಳುವುದು ಹೊಟ್ಟೆಯುಬ್ಬರ ಎಂದು 1990ರ ದಶಕದಲ್ಲಿ ತೋರಿಸಿದರು. 1995ರಲ್ಲಿ ದೆಹಲಿಯ ಖಂಡೇಲ್‌ವಾಲ್ ಮತ್ತು ಸಂಗಡಿಗರು ವರದಿ ಮಾಡಿದ ಐವರು ಯುವತಿಯರ ಕಥೆಯೂ ಇದೇ: ಊಟ ನಿರಾಕರಣೆ, ವಾಂತಿ, ತೂಕ ಇಳಿತ, ದೇಹದ ಬಗ್ಗೆ ತಿರುಚಿದ ಕಲ್ಪನೆ ಮಾತ್ರ ಇಲ್ಲ. ಕೊನೆಗೆ ಮನೋರೋಗಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕನ್ ಕೈಪಿಡಿಯ 2013ರ ಆವೃತ್ತಿ, ಭಯವನ್ನು ಬಾಯಿಬಿಟ್ಟು ಹೇಳದಿದ್ದರೂ ತೂಕ ಏರದಂತೆ ತಡೆಯುವ ನಡವಳಿಕೆ ಇದ್ದರೆ ಸಾಕು ಎಂದಿತು. ಮುಟ್ಟು ನಿಂತಿರಬೇಕೆಂಬ ಷರತ್ತನ್ನೂ ಕೈಬಿಟ್ಟಿತು. ಗಂಡುಹುಡುಗರಿಗೆ ಆ ಷರತ್ತು ಎಂದೂ ಅನ್ವಯಿಸುತ್ತಿರಲಿಲ್ಲವಲ್ಲ.

ಮೈಸೂರು ಈ ಕಥೆಯೊಳಗೆ ನೇರವಾಗಿಯೇ ಇದೆ. ನಗರದ ಸುಮಾರು 1,600 ವಿದ್ಯಾರ್ಥಿಗಳ ಮೇಲೆ ಊಟದ ಕಾಯಿಲೆಗಳ ಸುಳಿವು ಹುಡುಕುವ ಈಟ್-26 ಪ್ರಶ್ನಾವಳಿ ಬಳಸಿದ ಅಧ್ಯಯನ 2018ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿ’ಯಲ್ಲಿ ಪ್ರಕಟವಾಯಿತು. ಕಾಲು ಭಾಗದಷ್ಟು ಮಂದಿ ಅಪಾಯದ ಅಂಚಿನಲ್ಲಿದ್ದಾರೆ ಎಂಬುದು ಅದರ ತಿರುಳು. ಈ ಅಂಕಿಯನ್ನು ಎಚ್ಚರದಿಂದ ಓದಬೇಕು. ಈಟ್-26 ಒಂದು ಜರಡಿ, ರೋಗನಿರ್ಣಯವಲ್ಲ. 20 ಅಥವಾ ಹೆಚ್ಚು ಅಂಕ ಬಂದವರನ್ನು ಕೂರಿಸಿ ಮಾತಾಡಿಸಿದ ಮೇಲಷ್ಟೇ ರೋಗ ಇದೆಯೋ ಇಲ್ಲವೋ ಗೊತ್ತಾಗುವುದು. ಅದರ ಒಂದು ಪ್ರಶ್ನೆ: ‘ಊಟವನ್ನು ಸಣ್ಣ ಸಣ್ಣ ಚೂರಾಗಿ ಕತ್ತರಿಸುತ್ತೀರಾ?’ ಚಾಕು–ಮುಳ್ಳುಚಮಚದ ಮೇಜಿನಲ್ಲಿ ಇದು ಸೂಚನೆ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವವರಿಗೆ ಇದಕ್ಕೆ ಅರ್ಥವೇ ಇಲ್ಲ. ಇನ್ನೊಂದು: ‘ನೀವು ಇನ್ನಷ್ಟು ತಿನ್ನಲಿ ಎಂದು ಬೇರೆಯವರು ಬಯಸುತ್ತಾರೆಯೇ?’ ಇದಕ್ಕೆ ಇಲ್ಲವೆನ್ನುವ ಮಗು ನಮ್ಮ ಯಾವ ಮನೆಯಲ್ಲಿದೆ? ಶ್ರಾವಣ ಶನಿವಾರದ ಒಪ್ಪತ್ತಿನವರೂ ಇದರಲ್ಲಿ ಅಂಕ ಗಳಿಸುತ್ತಾರೆ. ಹೊಟ್ಟೆಯುಬ್ಬರವನ್ನಷ್ಟೇ ಹೇಳುವ ನಿಜವಾದ ರೋಗಿ ಜರಡಿಯಿಂದ ಜಾರಿಹೋಗಬಹುದು. ವ್ರತದವರು ಪಾರಣೆಯ ಹೊತ್ತಿಗೆ ಖುಷಿಯಿಂದ ಉಣ್ಣುತ್ತಾರೆ, ರೋಗಿಗೆ ವ್ರತ ಮುಗಿಯುವುದೇ ಭಯ. ಈ ಒಂದು ವ್ಯತ್ಯಾಸ ಎಷ್ಟೋ ಅಂಕಗಳಿಗಿಂತ ಮೇಲು.

ಚಿಕಿತ್ಸೆಯ ಮೊದಲ ಹೆಜ್ಜೆಯೇ ಜೀವಕ್ಕೆ ಎರವಾಗಬಹುದು, ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು. ತಿಂಗಳುಗಟ್ಟಲೆ ಹಸಿದ ದೇಹಕ್ಕೆ ಸಕ್ಕರೆ ಒಮ್ಮೆಲೇ ಬಂದರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿ ಉಳಿದಿದ್ದ ಅಷ್ಟಿಷ್ಟು ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶದೊಳಕ್ಕೆ ಸರಿದುಹೋಗುತ್ತವೆ. ಹೃದಯದ ಬಡಿತ ತಪ್ಪುತ್ತದೆ. ಎರಡನೆಯ ಮಹಾಯುದ್ಧದ ಸೆರೆಯಾಳುಗಳು ಬಿಡುಗಡೆಯಾಗಿ ಊಟ ಮಾಡಿದ ಮೇಲೆ ಸತ್ತದ್ದು ಹೀಗೆ. ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುವಾಗ ಗ್ಲೂಕೋಸ್ ಹಾಕಿದರೆ ಮೆದುಳಿಗೂ ಪೆಟ್ಟು. ‘ಸುಸ್ತು, ಒಂದು ಡ್ರಿಪ್ ಹಾಕ್ಬುಡಿ’ ಎಂದು ಕೇಳುವ ಮೊದಲು ಇದು ತಿಳಿದಿರಬೇಕು. ಬ್ರಿಟನ್ನಿನ ಮಾರ್ಗಸೂಚಿ ತೀರಾ ಸೊರಗಿದವರಿಗೆ ಥಯಾಮಿನ್ ದಿನಕ್ಕೆ 200–300 ಮಿ.ಗ್ರಾಂ ಮೊದಲು ಕೊಟ್ಟು, ಕೆಜಿ ತೂಕಕ್ಕೆ 10 ಕ್ಯಾಲರಿಯಿಂದ ಊಟ ಶುರುಮಾಡಿ ಎನ್ನುತ್ತಿತ್ತು. ಈಚೆಗೆ ಈ ಹಿಂಜರಿಕೆ ಕಡಿಮೆಯಾಗಿದೆ. ದಿನಕ್ಕೆ 2,000 ಕ್ಯಾಲರಿಯಿಂದ ಆರಂಭಿಸಿದವರು 1,400ರಿಂದ ಆರಂಭಿಸಿದವರಿಗಿಂತ ಬೇಗ ಸ್ಥಿರರಾದರು, ರಕ್ತದ ಲವಣಗಳ ಏರುಪೇರು ಹೆಚ್ಚಲಿಲ್ಲ ಎಂದು ಅಮೆರಿಕದ ಒಂದು ಪ್ರಯೋಗ ತೋರಿಸಿದೆ. ಆದರೆ ಅದು ಆಸ್ಪತ್ರೆಯಲ್ಲಿ, ಹತ್ತಿರದ ನಿಗಾದಲ್ಲಿ ನಡೆದದ್ದು. ಮನೆಯಲ್ಲಿ ಅನುಸರಿಸುವಂಥದ್ದಲ್ಲ.

ಎಚ್ಚರವಾಗಿರುವಾಗ ನಾಡಿ 50ಕ್ಕಿಂತ ಕಡಿಮೆ ಇದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆಗಟ್ಟಿದರೆ, ಕೈಕಾಲು ತಣ್ಣಗಿದ್ದರೆ ಅಂದೇ ಇಸಿಜಿ, ಪೊಟ್ಯಾಸಿಯಂ, ಫಾಸ್ಫೇಟ್, ಮೆಗ್ನೀಸಿಯಂ ಪರೀಕ್ಷೆ ಆಗಬೇಕು. ಮಾಮೂಲಿ ರಕ್ತಪರೀಕ್ಷೆಯಲ್ಲಿ ಫಾಸ್ಫೇಟ್ ಇರುವುದಿಲ್ಲ, ಬಾಯಿಬಿಟ್ಟು ಕೇಳಿ. ಮೊದಲೇ ವಾಂತಿಯಿಂದ ಪೊಟ್ಯಾಸಿಯಂ ಕಳೆದುಕೊಂಡವಳಿಗೆ ಮದ್ದು ಕಕ್ಕಿಸುವುದು ಹೃದಯ ನಿಲ್ಲಿಸುವ ಕೆಲಸ, ಖಂಡಿತ ಕೂಡದು.

ಅಪಾಯ ಕಳೆದ ಮೇಲಿನ ಚಿಕಿತ್ಸೆಯಲ್ಲಿ ಗಲ್ ಹೇಳಿದ್ದು ತಲೆಕೆಳಗಾಯಿತು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ರಸೆಲ್ ಮತ್ತು ಸಂಗಡಿಗರು 80 ರೋಗಿಗಳ ಮೇಲೆ ನಡೆಸಿ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 19ರೊಳಗೆ ರೋಗ ಶುರುವಾಗಿ ಮೂರು ವರ್ಷ ಕಳೆಯದವರಿಗೆ ಒಬ್ಬೊಬ್ಬರನ್ನೇ ಕೂರಿಸಿ ಮಾತಾಡುವುದಕ್ಕಿಂತ ಮನೆಯವರನ್ನು ಸೇರಿಸಿಕೊಂಡ ಚಿಕಿತ್ಸೆ ಫಲಿಸಿತು. ಇದರಿಂದ ಬೆಳೆದ ಪದ್ಧತಿಯಲ್ಲಿ ಎರಡನೆಯ ಭೇಟಿಗೆ ಮನೆಯವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಚಿಕಿತ್ಸಕರ ಎದುರು ಎಲ್ಲರೂ ಉಣ್ಣಬೇಕು. ಮಗಳು ಸಾಕೆಂದು ಕೈ ತೊಳೆಯಲು ಏಳುವಾಗ ಅಪ್ಪ ಅಮ್ಮ ಇಬ್ಬರೂ ಒಂದೇ ದನಿಯಲ್ಲಿ, ಬೈಯದೆ, ಗೋಗರೆಯದೆ, ಅವಳು ಮನಸ್ಸು ಮಾಡಿದ್ದಕ್ಕಿಂತ ಇನ್ನೊಂದು ತುತ್ತು ತಿನ್ನಿಸಬೇಕು. ನಮ್ಮ ತಾಯಂದಿರಿಗೆ ಈ ಮಾತು ಹೊಸದಲ್ಲ. ಹೊಸದು ಶಿಸ್ತು: ಅಮ್ಮ ಒತ್ತಾಯಿಸುವಾಗ ಅಜ್ಜಿ ‘ಬುಡು, ಬಡ್ಕೂಸು’ ಎಂದರೆ ಅಂದಿನ ಶ್ರಮವೆಲ್ಲ ನೀರುಪಾಲು.

ತಟ್ಟೆಯಲ್ಲಿ ಏನಿರಬೇಕೆಂಬುದು ಲೆಕ್ಕದ ಮಾತು. ವಾರಕ್ಕೆ ಅರ್ಧ ಕೆಜಿ ಏರಲು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚುವರಿ ಬೇಕು. ಎರಡು ಟೀ ಚಮಚ ತುಪ್ಪ 90, ಒಂದು ಲೋಟ ಹಾಲು 130, ಒಂದು ಹಿಡಿ (30 ಗ್ರಾಂ) ಕಡಲೆಕಾಯಿ ಬೀಜ 165, ಒಂದು ಬಾಳೆಹಣ್ಣು 100: ಮಾಮೂಲಿ ಮುದ್ದೆ, ಸಾರು, ಅನ್ನದ ಮೇಲೆ ಇಷ್ಟು ಸೇರಿದರೆ ಅಲ್ಲಿಗೆ ತಲುಪುತ್ತದೆ. ಮೂರು ಊಟ, ನಡುವೆ ಎರಡು ಮೂರು ಸಲ ತಿಂಡಿ, ನಾಲ್ಕು ಗಂಟೆ ಮೀರಿದ ಅಂತರ ಬೇಡ. ಕೆಲವು ವಾರದ ಮೇಲೆ ಅಷ್ಟೇ ತಿಂದರೂ ತೂಕ ನಿಂತುಬಿಡುತ್ತದೆ. ಹಸಿವಿನಲ್ಲಿ ಮಂದವಾಗಿದ್ದ ದೇಹ ಮತ್ತೆ ಬಿಸಿಯೇರಿ ಹೆಚ್ಚು ಉರಿಸತೊಡಗಿರುತ್ತದೆ. ‘ಕದ್ದು ಎಸೀತಾಳೆ’ ಎಂದು ಜಗಳಕ್ಕಿಳಿಯುವ ಮೊದಲು ಪ್ರಮಾಣ ಹೆಚ್ಚಿಸಿ ನೋಡಬೇಕು.

ಬುಲಿಮಿಯಾಕ್ಕೆ ದಾರಿ ಬೇರೆ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಚಿಕಿತ್ಸೆಯಲ್ಲಿ 20 ವಾರಕ್ಕೆ 20 ಭೇಟಿ. ತಿಂದದ್ದನ್ನು ತಿಂದ ಕೂಡಲೇ ಬರೆಯುವುದು, ಹೊತ್ತಿಗೆ ಸರಿಯಾಗಿ ತಿನ್ನುವುದು ಮೊದಲ ಪಾಠ. ಹಗಲೆಲ್ಲ ಬಿಗಿಹಿಡಿದ ಹಸಿವೇ ರಾತ್ರಿ ಕಟ್ಟೆಯೊಡೆಯುತ್ತದೆ ಎಂಬುದು ಅದರ ಬುನಾದಿ. ಫ್ಲೂಕ್ಸೆಟಿನ್ ಮಾತ್ರೆ ದಿನಕ್ಕೆ 60 ಮಿ.ಗ್ರಾಂನಲ್ಲಿ ನೆರವಾಗುತ್ತದೆ, ಖಿನ್ನತೆಗೆ ಕೊಡುವ 20 ಮಿ.ಗ್ರಾಂ ಇದಕ್ಕೆ ಸಾಲದು. ವೈದ್ಯರೇ ಬರೆದುಕೊಡಬೇಕಾದ ಮಾತ್ರೆ ಇದು. ವಾಂತಿಯಾದ ಕೂಡಲೇ ಹಲ್ಲುಜ್ಜಿದರೆ ಆಮ್ಲದಿಂದ ಮೆತ್ತಗಾದ ಎನಾಮಲ್ ಸವೆಯುತ್ತದೆ, ನೀರಿನಿಂದ ಬಾಯಿ ಮುಕ್ಕಳಿಸಿದರೆ ಸಾಕು.

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿಗೆ ಹೋದರೆ ಮಕ್ಕಳ ಅಥವಾ ಜನರಲ್ ಮೆಡಿಸಿನ್ ವಿಭಾಗ ಮತ್ತು ಮನೋವೈದ್ಯ ವಿಭಾಗ ಎರಡಕ್ಕೂ ತೋರಿಸಬೇಕು, ಒಂದನ್ನೇ ನೆಚ್ಚಬಾರದು. ಫೋನಿನಲ್ಲಿ ಕೇಳುವುದಾದರೆ ಟೆಲಿ-ಮಾನಸ್‌ನ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಹೋಗುವಾಗ ಒಂದು ಚೀಟಿಯಲ್ಲಿ ಮೂರು ಸಾಲು ಬರೆದುಕೊಳ್ಳಿ: ಆರು ತಿಂಗಳ ಹಿಂದಿನ ತೂಕ ಮತ್ತು ಇಂದಿನ ತೂಕ, ಕೊನೆಯ ಮುಟ್ಟಿನ ದಿನ, ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ನಿಜಕ್ಕೂ ಹೊಟ್ಟೆಗೆ ಹೋದದ್ದು.