ವಿಯೆಟ್ನಾಂ ಶೂ ಡೂಪ್ಲಿಕೇಟ್ ಅಲ್ಲ

ಹೋದ ತಿಂಗಳು ಅಕ್ಕನ ಮಗನಿಗೆ ಓಟದ ಶೂ ಕೊಡಿಸಲು ಮೈಸೂರಿನ ದೇವರಾಜ ಅರಸು ರಸ್ತೆಗೆ ಹೋಗಿದ್ದೆ. ನೈಕಿ ಶೂ ಒಂದು ಕಾಲಿಗೆ ಸರಿಯಾಗಿ ಕೂತಿತು, ಬಣ್ಣವೂ ಹಿಡಿಸಿತು. ಒಳಗಿನ ಚೀಟಿ ಓದಿದವನೇ ಕಳಚಿಟ್ಟ. "ಬೇಡ ಮಾವ, ವಿಯೆಟ್ನಾಂ ಅಂತ ಬರ್ದವ್ರೆ. ಡೂಪ್ಲಿಕೇಟು. ಒರಿಜಿನಲ್ ಆದ್ರೆ ಅಮೆರಿಕದ್ದಿರ್ಬೇಕು." ಪಕ್ಕದಲ್ಲಿ ಶೂ ನೋಡುತ್ತಿದ್ದ ಹಿರಿಯರೊಬ್ಬರೂ ಹೌದೆಂದು ತಲೆಯಾಡಿಸಿದರು.

ಈ ನಂಬಿಕೆ ಎಷ್ಟು ಗಟ್ಟಿಯಾಗಿ ಬೇರೂರಿದೆಯೆಂದರೆ, ಕೇಳಿದಾಗಲೆಲ್ಲ ಸುಮ್ಮನಿರಲು ನನ್ನಿಂದ ಆಗುವುದಿಲ್ಲ. ನೈಕಿ ಶೂಗಳ ವಿನ್ಯಾಸ ಮಾಡುತ್ತದೆ, ಮಾರುತ್ತದೆ. ತಯಾರಿಸುವುದು ಗುತ್ತಿಗೆ ಪಡೆದ ಬೇರೆಯವರ ಕಾರ್ಖಾನೆಗಳು. ಕಂಪನಿಯದೇ 2024ರ ಲೆಕ್ಕದ ಪ್ರಕಾರ ನೈಕಿ ಶೂಗಳಲ್ಲಿ ಸುಮಾರು ಶೇ. 50 ವಿಯೆಟ್ನಾಂನವು, ಶೇ. 27 ಇಂಡೋನೇಷ್ಯಾದವು, ಶೇ. 18 ಚೀನಾದವು. ಅಮೆರಿಕದ್ದೇ ಬೇಕೆಂದು ಹಠ ಹಿಡಿದರೆ, ಕೆಲವು ಶೂಗಳ ಹಿಮ್ಮಡಿಯ ಕೆಳಗಿರುವ ಗಾಳಿಚೀಲ ಸಿಗಬಹುದು. ಅದನ್ನು ಅಮೆರಿಕದ ಆರೆಗನ್ ಮತ್ತು ಮಿಸ್ಸೌರಿ ರಾಜ್ಯಗಳಲ್ಲೂ ಮಾಡುತ್ತಾರೆ. ಅದರ ಸುತ್ತಲಿನ ಶೂ ಹುಟ್ಟುವುದು ಬಹುಪಾಲು ಏಷ್ಯಾದಲ್ಲೇ.

"ಅಲ್ಲಿ ಕೂಲಿ ಅಗ್ಗ, ಅದಕ್ಕೆ" ಎನ್ನುವುದು ಎಲ್ಲರ ಬಾಯಲ್ಲೂ ಬರುವ ಉತ್ತರ. ಸುಳ್ಳಲ್ಲ. 1964ರಲ್ಲಿ ನೈಕಿಯ ಸ್ಥಾಪಕರಾದ ಫಿಲ್ ನೈಟ್ ಮತ್ತು ಅವರ ಓಟದ ಕೋಚ್ ಬಿಲ್ ಬೋವರ್‌ಮನ್ ತಲಾ 500 ಡಾಲರ್ ಹಾಕಿ ಶುರುಮಾಡಿದ್ದೇ ಜಪಾನಿನ ಒನಿತ್ಸುಕಾ ಶೂಗಳನ್ನು ತರಿಸಿ ಮಾರುವ ವ್ಯಾಪಾರ. ಜಪಾನ್ ದುಬಾರಿಯಾದಾಗ ಕೆಲಸ ತೈವಾನ್, ದಕ್ಷಿಣ ಕೊರಿಯಾಗಳಿಗೆ ಹೋಯಿತು, ಅವೂ ದುಬಾರಿಯಾದಾಗ ಇಂಡೋನೇಷ್ಯಾ, ಚೀನಾ, ವಿಯೆಟ್ನಾಂಗಳಿಗೆ. ನಡುವೆ 1974ರಲ್ಲಿ ಅಮೆರಿಕದ ಎಕ್ಸಿಟರ್ ಎಂಬ ಊರಿನಲ್ಲಿ ಸ್ವಂತ ಕಾರ್ಖಾನೆಯನ್ನೂ ತೆರೆದರು. ಅದು 80ರ ದಶಕ ದಾಟಲಿಲ್ಲ. 1990ರ ದಶಕದಲ್ಲಿ ಏಷ್ಯಾದ ಕಾರ್ಮಿಕರ ದುಡಿಮೆಯ ಸ್ಥಿತಿ ಬಯಲಾಗಿ ದೊಡ್ಡ ಪ್ರತಿಭಟನೆಗಳೇ ನಡೆದವು. 2005ರಲ್ಲಿ ಕಂಪನಿ 700ಕ್ಕೂ ಹೆಚ್ಚು ಗುತ್ತಿಗೆ ಕಾರ್ಖಾನೆಗಳ ಹೆಸರು, ವಿಳಾಸಗಳನ್ನು ಪ್ರಕಟಿಸಿತು.

ಆದರೆ ನನ್ನನ್ನು ಕಾಡುವುದು ಅದಕ್ಕೂ ಹಿಂದಿನ ಪ್ರಶ್ನೆ. ಅಷ್ಟೊಂದು ಕೈಗಳೇ ಯಾಕೆ ಬೇಕು? ಕಾರಿನ ಬಾಡಿಯನ್ನು ರೋಬಾಟ್ ಬೆಸೆಯುತ್ತದೆ. ಅಂಗಿಗೆ ತೋಳು ಹಚ್ಚಲು ಅದಕ್ಕೇಕೆ ಬರುವುದಿಲ್ಲ?

ಬಟ್ಟೆ ಮೆದು. ಉತ್ತರ ಇಷ್ಟೇ, ಆದರೆ ಇದರೊಳಗೆ ಎಂಥ ಸೊಗಸಾದ ಭೌತವಿಜ್ಞಾನವಿದೆ ನೋಡಿ. ಒಂದು ಕಬ್ಬಿಣದ ತುಂಡು ಎಲ್ಲಿದೆ, ಯಾವ ಕಡೆ ತಿರುಗಿದೆ ಎಂದು ಯಂತ್ರಕ್ಕೆ ಹೇಳಲು 6 ಸಂಖ್ಯೆ ಸಾಕು: ಜಾಗಕ್ಕೆ 3, ತಿರುವಿಗೆ 3. ಬಟ್ಟೆಯ ತುಂಡಿಗೆ 6 ಸಾವಿರವೂ ಸಾಲದು, ಏಕೆಂದರೆ ಅದರ ಒಂದೊಂದು ಬಿಂದುವೂ ತನ್ನಿಷ್ಟದಂತೆ ಬಾಗಬಲ್ಲದು. ಮೈಸೂರು ವೀಳ್ಯದೆಲೆಯನ್ನು ತೊಟ್ಟು ಹಿಡಿದು ಎತ್ತಿದರೆ ಇಡೀ ಎಲೆ ಜೊತೆಗೇ ಏಳುತ್ತದೆ. ಒಗೆದ ಪಂಚೆಯ ಮೂಲೆ ಹಿಡಿದು ಎತ್ತಿದರೆ ಮೂಲೆಯಷ್ಟೇ ಏಳುತ್ತದೆ, ಉಳಿದದ್ದು ಜೋತುಬೀಳುತ್ತದೆ. ಒಣಗಿದ ಹಪ್ಪಳವನ್ನು ಮಕ್ಕಳೂ ಅಡುಕಿಡುತ್ತಾರೆ. ಹಸಿ ಹಪ್ಪಳವನ್ನು ಮಣೆಯಿಂದೆತ್ತಿ ಚಾಪೆಗೆ ಹಾಕಲು ಅಜ್ಜಿಯ ಎರಡು ಅಂಗೈಯೇ ಬೇಕು.

ಹಾಗಾದರೆ ಮಗ್ಗ ಹೇಗೆ ಯಂತ್ರವಾಯಿತು? ಎಡ್ಮಂಡ್ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದದ್ದು 1785ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ಮೈಸೂರಿನ ರೇಷ್ಮೆ ಕಾರ್ಖಾನೆ ಆರಂಭವಾದದ್ದೂ ಯಂತ್ರಮಗ್ಗಗಳಿಂದಲೇ. ರೇಷ್ಮೆಯೆಳೆ ಬಟ್ಟೆಗಿಂತ ಮೆದು. ಗುಟ್ಟಿರುವುದು ಬಿಗಿಯಲ್ಲಿ. ಮಗ್ಗದ ಮೇಲೆ ಹಾಸಿನ ನೂಲನ್ನು ಎರಡೂ ತುದಿಗೆ ಬಿಗಿದಿರುತ್ತಾರೆ, ಬಿಗಿದಿರುವಷ್ಟು ಹೊತ್ತು ನೂಲು ಕೋಲಿನಂತೆ ಇದ್ದಲ್ಲೇ ಇರುತ್ತದೆ. ವೀಣೆಯ ಬಿರಡೆ ತಿರುವಿ ಬಿಗಿ ಮಾಡಿದ ತಂತಿ ಕಣ್ಣುಮುಚ್ಚಿದರೂ ಬೆರಳಿಗೆ ಸಿಗುತ್ತದಲ್ಲ, ಹಾಗೆ. ಕತ್ತರಿ ಬಿದ್ದ ಕ್ಷಣ ಆ ಬಿಗಿ ಹೋಯಿತು. ಯಂತ್ರಕ್ಕೆ ಬಟ್ಟೆಯ ವಿಳಾಸವೂ ತಪ್ಪಿತು. ಶೂವಿನ ಕತೆಯೂ ಅದೇ: ಮೇಲ್ಭಾಗದ ತುಂಡುಗಳನ್ನು ಹೊಲಿಯುವುದು ಕೈ, ಹೊಲಿದದ್ದನ್ನು ಕಾಲಿನಾಕಾರದ ಅಚ್ಚಿಗೆ ಎಳೆದು ಬಿಗಿದ ಮೇಲೆ ಯಂತ್ರ ಮತ್ತೆ ಕೆಲಸಕ್ಕೆ ಬರುತ್ತದೆ.

ಹೊಲಿಗೆ ಯಂತ್ರ ಬಂದು ಇನ್ನೂರು ವರ್ಷವಾಗುತ್ತ ಬಂತು. ಫ್ರಾನ್ಸಿನ ದರ್ಜಿ ತಿಮೋನಿಯೆ 1830ರಲ್ಲಿ ಪೇಟೆಂಟ್ ಪಡೆದ. ಮರುವರ್ಷವೇ, ಹೊಟ್ಟೆಪಾಡು ಹೋದೀತೆಂದು ಹೆದರಿದ ದರ್ಜಿಗಳು ಅವನ ಯಂತ್ರಗಳನ್ನು ಪುಡಿಗಟ್ಟಿದರು. 1846ರಲ್ಲಿ ಎಲಿಯಾಸ್ ಹೋವ್ ತುದಿಯಲ್ಲೇ ಕಣ್ಣಿರುವ ಸೂಜಿಯ ಯಂತ್ರಕ್ಕೆ ಪೇಟೆಂಟ್ ಪಡೆದ. ಆಮೇಲೆ ಕಾಲಿನ ಬದಲು ಮೋಟಾರು ಬಂತು. ಬಟ್ಟೆಯನ್ನು ಸೂಜಿಯ ಕಡೆಗೆ ನಡೆಸುವ ಕೆಲಸ ಮಾತ್ರ ಇಂದಿಗೂ ಬಹುಪಾಲು ಬೆರಳಿನದೇ.

ಪ್ರಯತ್ನ ನಡೆದಿಲ್ಲವೆಂದಲ್ಲ. ಅಡಿಡಾಸ್ ಜರ್ಮನಿಯ ಆನ್ಸ್‌ಬಾಕ್‌ನಲ್ಲೂ ಅಮೆರಿಕದ ಅಟ್ಲಾಂಟಾದಲ್ಲೂ ರೋಬಾಟ್‌ಗಳಿಂದ ತುಂಬಿದ 'ಸ್ಪೀಡ್‌ಫ್ಯಾಕ್ಟರಿ' ಕಟ್ಟಿತು. ಅಲ್ಲಿ ತಯಾರಾಗುತ್ತಿದ್ದದ್ದು ಕೆಲವೇ ಬಗೆಯ ಶೂ. 2020ರಲ್ಲಿ ಎರಡೂ ಮುಚ್ಚಿದವು, ಆ ತಂತ್ರಜ್ಞಾನ ಏಷ್ಯಾಕ್ಕೆ ಹೋಯಿತು. ನನಗೆ ಅತ್ಯಂತ ಪ್ರಿಯವಾದದ್ದು 2016ರಲ್ಲಿ ಸೋಬೊ ಎಂಬ ಪುಟ್ಟ ಕಂಪನಿ ತೋರಿಸಿದ ಉಪಾಯ. ನೀರಿನಲ್ಲಿ ಕರಗುವ ಪ್ಲಾಸ್ಟಿಕ್‌ನಲ್ಲಿ ಬಟ್ಟೆ ಅದ್ದಿ ಹಲಗೆಯಂತೆ ಸೆಟೆಸಿದರು, ರೋಬಾಟ್ ಅದನ್ನು ಹಿಡಿದು ಟೀ ಶರ್ಟ್ ಹೊಲಿಯಿತು, ಕೊನೆಗೆ ತೊಳೆದು ಮತ್ತೆ ಮೆದು ಮಾಡಿದರು. ನಮ್ಮ ಮನೆಗಳಲ್ಲಿ ಪಂಚೆಗೆ ಅನ್ನದ ಗಂಜಿ ಹಾಕುವ ಬುದ್ಧಿಯೇ ಇದು! 2012ರಲ್ಲಿ ಬಂದ ನೈಕಿಯ ಫ್ಲೈನಿಟ್ ಇನ್ನೊಂದು ದಾರಿ ಹಿಡಿಯಿತು. ಕತ್ತರಿಸಿ ಹೊಲಿಯುವ ಬದಲು ಶೂವಿನ ಮೇಲ್ಭಾಗವನ್ನು ಬಹುಪಾಲು ಒಂದೇ ತುಂಡಾಗಿ ಹೆಣೆಯುವುದು, ಅಂದರೆ ನೂಲು ಬಿಗಿಯಾಗಿರುವಾಗಲೇ ಆಕಾರ ಕೊಟ್ಟು ಮುಗಿಸುವುದು.

ಚಿಕ್ಕಮ್ಮನ ಮಗಳು ಮದ್ದೂರಿನ ಹತ್ತಿರ ಗೆಜ್ಜಲಗೆರೆಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಅವಳ ಕೆಲಸ ತೋಳು ಹಚ್ಚುವುದು. ಭಾನುವಾರ ಹುಡುಗನನ್ನು ಅವಳ ಮನೆಗೆ ಕರೆದುಕೊಂಡು ಹೋದೆ. ಒಂದೇ ಅಳತೆಯ ಎರಡು ಪಟ್ಟಿ ಕತ್ತರಿಸಿ, ಒಂದರ ಮೇಲೊಂದಿಟ್ಟು, ಮಷೀನಿನ ಮುಂದೆ ಕೂರಿಸಿದಳು. "ಕೈ ಬುಟ್ಬುಡು ಮಗ, ಅದ್ರ ಪಾಡ್ಗೆ ಅದು ಹೋಗ್ಲಿ" ಎಂದಳು. ಹೊಲಿಗೆ ಮುಗಿದಾಗ ಮೇಲಿನ ಪಟ್ಟಿ ಅರ್ಧ ಬೆರಳು ಉದ್ದ ಉಳಿದಿತ್ತು. ಮಷೀನಿನ ಕೆಳಗಿನ ಹಲ್ಲು ಕೆಳಗಿನ ಬಟ್ಟೆಯನ್ನು ತಳ್ಳುತ್ತದೆ, ಮೇಲಿನ ಪಾದ ಮೇಲಿನದನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಅವಳೇ ಹೊಲಿದಳು. ಎರಡು ಬೆರಳು ಕೆಳಗಿನ ಪಟ್ಟಿಯನ್ನು ತಡೆಯುತ್ತ, ಹೆಬ್ಬೆರಳು ಮೇಲಿನದನ್ನು ಬಿಡುತ್ತ ಹೋದವು. ತುದಿಗಳು ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ ಕೂಡಿದವು. "ಎಷ್ಟು ತಡೀಬೇಕು ಅಂತ ಹೆಂಗೆ ಗೊತ್ತಾಯ್ತದೆ ಚಿಕ್ಕಮ್ಮ?" ಎಂದು ಕೇಳಿದ. ಅವಳು ಅವನ ಬೆರಳುಗಳನ್ನು ಹಿಡಿದು ಬಟ್ಟೆಯ ಮೇಲಿಟ್ಟಳು.