ಕೋಡ್ ಓಡಿತು, ಉತ್ತರವೂ ಬಂತು. ನಂಬಬಹುದಾ?

ಪ್ರೋಗ್ರಾಂ ಎರರ್ ಕೊಟ್ಟರೆ ಬೇಜಾರಾಗಬೇಕಿಲ್ಲ. ಎಲ್ಲಿ ಎಡವಟ್ಟಾಗಿದೆ ಅಂತ ಸಾಲಿನ ನಂಬರ್ ಸಮೇತ ಅದೇ ಹೇಳುತ್ತದೆ. ವಿಜ್ಞಾನ, ಎಂಜಿನಿಯರಿಂಗ್ ಲೆಕ್ಕಗಳಲ್ಲಿ ತಲೆನೋವು ಬೇರೆ. ಕೋಡ್ ಸಲೀಸಾಗಿ ಓಡುತ್ತದೆ, ಚೆಂದದ ಗ್ರಾಫ್ ಬರುತ್ತದೆ, ಉತ್ತರ ಮಾತ್ರ ತಪ್ಪಿರುತ್ತದೆ. ತಪ್ಪು ನಾವು ಬರೆದುಕೊಂಡ ಸಮೀಕರಣದಲ್ಲೇ ಇರಬಹುದು. ಅದನ್ನು ಬಿಡಿಸಲು ಹಿಡಿದ ವಿಧಾನದಲ್ಲಿರಬಹುದು. ಕಂಪ್ಯೂಟರ್ ಸಂಖ್ಯೆಗಳನ್ನು ಇಟ್ಟುಕೊಳ್ಳುವ ರೀತಿಯಲ್ಲೂ ಇರಬಹುದು. ಈ ಮೂರನ್ನೂ ಬೇರೆ ಬೇರೆಯಾಗಿ ಹುಡುಕುವುದನ್ನು ರೂಢಿ ಮಾಡಿಕೊಳ್ಳಬೇಕು. ಒಂದೇ ಸಣ್ಣ ಲೆಕ್ಕ ಹಿಡಿದು ನೋಡೋಣ.

ಪಾತ್ರೆಯಲ್ಲಿ 85 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿದೆ. ಕೋಣೆ 25 ಡಿಗ್ರಿ. ಹತ್ತು ನಿಮಿಷ ಬಿಟ್ಟು ನೋಡಿದರೆ ನೀರು ಎಷ್ಟು ಬಿಸಿ ಇರುತ್ತದೆ? ನ್ಯೂಟನ್ ನಿಯಮದ ಪ್ರಕಾರ, ನೀರಿಗೂ ಕೋಣೆಗೂ ತಾಪಮಾನದಲ್ಲಿ ಎಷ್ಟು ವ್ಯತ್ಯಾಸ ಇದೆಯೋ ಅದಕ್ಕೆ ತಕ್ಕಂತೆ ನೀರು ಆರುತ್ತದೆ. ಇಲ್ಲಿ ಬರುವ ಸ್ಥಿರಾಂಕವನ್ನು 'ಕ' ಎನ್ನೋಣ. ಅದರ ಬೆಲೆ ನಿಮಿಷಕ್ಕೆ 0.1 ಇರಲಿ.

ಇದನ್ನು ಕೈಯಲ್ಲೇ ಬಿಡಿಸಬಹುದು. ಶುರುವಿನಲ್ಲಿ ವ್ಯತ್ಯಾಸ 60. 'ಕ' ಮತ್ತು ಸಮಯದ ಗುಣಲಬ್ಧ 1 ಆದಾಗ ವ್ಯತ್ಯಾಸವನ್ನು e ಅನ್ನುವ ಸಂಖ್ಯೆಯಿಂದ (2.718) ಭಾಗಿಸಬೇಕು. ಇಲ್ಲಿ 0.1 × 10 = 1, ಹಾಗಾಗಿ ಹತ್ತು ನಿಮಿಷಕ್ಕೆ ಅದು 60 ÷ 2.718, ಅಂದರೆ 22.07 ಆಗುತ್ತದೆ. ಹಾಗಾಗಿ ನೀರು 47.07 ಡಿಗ್ರಿ. ಕೈಯಲ್ಲಿ ಬಿಡಿಸಲು ಬರುವ ಲೆಕ್ಕಕ್ಕೆ ಕೋಡ್ ಯಾಕೆ ಅಂತ ಕೇಳಬಹುದು. ಸರಿ ಉತ್ತರ ಗೊತ್ತಿರುವ ಲೆಕ್ಕದಲ್ಲೇ ಅಲ್ವಾ, ಕೋಡ್ ಎಷ್ಟು ತಪ್ಪುತ್ತದೆ ಅಂತ ಅಳೆಯಲು ಆಗುವುದು?

ಕಂಪ್ಯೂಟರಿಗೆ ಕೊಡುವ ಅತಿ ಸರಳ ದಾರಿ ಆಯ್ಲರ್ ವಿಧಾನ. ಗಣಿತಜ್ಞ ಆಯ್ಲರ್ ಇದನ್ನು ಪ್ರಕಟಿಸಿದ್ದು 1768ರಲ್ಲಿ. ಲೂಪ್ ಒಳಗೆ ಒಂದೇ ಸಾಲು:

ಹೊಸ ತಾಪಮಾನ = ಹಳೆಯ ತಾಪಮಾನ − 0.1 × (ಹಳೆಯ ತಾಪಮಾನ − 25) × ಸ್ಟೆಪ್

ಸ್ಟೆಪ್ ಅಂದರೆ ಒಂದು ಸಲಕ್ಕೆ ಎಷ್ಟು ನಿಮಿಷ ಮುಂದೆ ಹೋಗುತ್ತೇವೆ ಅನ್ನುವುದು. ಅಷ್ಟು ಹೊತ್ತೂ ನೀರು ಒಂದೇ ವೇಗದಲ್ಲಿ ಆರುತ್ತದೆ ಅಂತ ಈ ಸಾಲು ನಂಬುತ್ತದೆ. ಅದು ಸುಳ್ಳು, ಆದರೆ ಸ್ಟೆಪ್ ಚಿಕ್ಕದಿದ್ದರೆ ಸಣ್ಣ ಸುಳ್ಳು. 1 ನಿಮಿಷದ ಸ್ಟೆಪ್ ಇಟ್ಟರೆ ಹತ್ತು ನಿಮಿಷಕ್ಕೆ 45.92 ಬರುತ್ತದೆ. ಅರ್ಧ ನಿಮಿಷಕ್ಕೆ ಇಳಿಸಿದರೆ 46.51. 0.1 ನಿಮಿಷಕ್ಕೆ ಇಳಿಸಿದರೆ 46.96. ತಪ್ಪು ಕ್ರಮವಾಗಿ 1.15, 0.56, 0.11. ಸ್ಟೆಪ್ ಅರ್ಧ ಮಾಡಿದರೆ ತಪ್ಪೂ ಹೆಚ್ಚುಕಡಿಮೆ ಅರ್ಧ ಆಗುತ್ತದೆ. ಆಗದಿದ್ದರೆ ಕೋಡ್‌ನಲ್ಲಿ ಏನೋ ಎಡವಟ್ಟಿದೆ ಅಂತಲೇ ಲೆಕ್ಕ. ಬಗ್ ಹಿಡಿಯಲು ಇಷ್ಟು ಅಗ್ಗದ ಪರೀಕ್ಷೆ ಬೇರೆ ಸಿಗುವುದು ಕಷ್ಟ.

ಸರಿ ಉತ್ತರ ಗೊತ್ತಿಲ್ಲದ ಕಡೆ ಏನು ಮಾಡುವುದು? ಆಗಲೂ ಸ್ಟೆಪ್ ಅರ್ಧ ಮಾಡಿ ಓಡಿಸಿ. 45.92 ಹೋಗಿ 46.51 ಆಯಿತು, ನಡುವೆ 0.59. ಇನ್ನೂ ಸುಮಾರು ಅಷ್ಟೇ ದೂರ ಬಾಕಿ ಇದೆ ಅಂತ ಊಹಿಸಬಹುದು. ಆ 0.59 ಸೇರಿಸಿದರೆ 47.10. ಎರಡು ಒರಟು ಉತ್ತರಗಳಿಂದ ನಿಜಕ್ಕೆ ಇಷ್ಟು ಹತ್ತಿರ ಬಂದೆವು! ರಿಚರ್ಡ್‌ಸನ್ ಹೆಸರಿನಲ್ಲಿರುವ ಉಪಾಯ ಇದೇ.

ಈಗ ಸ್ಟೆಪ್ ದೊಡ್ಡದು ಮಾಡಿ ನೋಡಿ. 10 ನಿಮಿಷ ಇಟ್ಟರೆ ಒಂದೇ ನೆಗೆತಕ್ಕೆ ನೀರು ಕೋಣೆಯ 25 ಡಿಗ್ರಿಗೆ ಬಂದು ಕೂರುತ್ತದೆ. 15 ಇಟ್ಟರೆ ಮೈನಸ್ 5. ಬೆಚ್ಚಗಿನ ಕೋಣೆಯಲ್ಲಿ ಸುಮ್ನೆ ಇಟ್ಟ ನೀರು ಮಂಜುಗಡ್ಡೆಯಾಗಬೇಕು! 20 ಇಟ್ಟರೆ 85, ಮೈನಸ್ 35, ಮತ್ತೆ 85 ಅಂತ ಕುಣಿಯುತ್ತಲೇ ಇರುತ್ತದೆ. 25 ಇಟ್ಟರೆ ಮೈನಸ್ 65, ಆಮೇಲೆ 160, ಹೀಗೆ ಪ್ರತಿ ಸಲವೂ ಇನ್ನೂ ದೂರ ಹಾರುತ್ತದೆ. ಸಮೀಕರಣ ಅದೇ, 'ಕ' ಅದೇ. 'ಕ' ಮತ್ತು ಸ್ಟೆಪ್‌ನ ಗುಣಲಬ್ಧ 2 ದಾಟಿದ್ದೇ ಕಾರಣ. ಇಷ್ಟು ಕಿರುಚಿ ಹೇಳುವ ತಪ್ಪು ಪರವಾಗಿಲ್ಲ, ಎದ್ದು ಕಾಣುತ್ತದೆ. ಅಪಾಯ ಇರುವುದು 45.92ರಂಥ ಮೆತ್ತಗಿನ ತಪ್ಪಿನಲ್ಲಿ.

ಎಷ್ಟು ಅಪಾಯ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. 'ಕ' ಎಷ್ಟು ಅಂತ ಮೊದಲೇ ಗೊತ್ತಿಲ್ಲ, ಥರ್ಮಾಮೀಟರ್ ಇಟ್ಟು ನಿಮಿಷಕ್ಕೊಂದು ಅಳತೆ ತೆಗೆದಿದ್ದೀರಿ ಅಂತಿಟ್ಟುಕೊಳ್ಳಿ. ಆಯ್ಲರ್ ಕೋಡ್‌ಗೆ 1 ನಿಮಿಷದ ಸ್ಟೆಪ್ ಕೊಟ್ಟು, ಅಳತೆಗೆ ಹೊಂದುವ 'ಕ' ಹುಡುಕು ಅಂತ ಹೇಳುತ್ತೀರಿ. ಕೋಡ್ 0.095 ಅಂತ ಕೊಡುತ್ತದೆ. ಗ್ರಾಫ್‌ನಲ್ಲಿ ಗೆರೆ ಪ್ರತಿ ಬಿಂದುವಿನ ಮೇಲೂ ಕರಾರುವಾಕ್ಕಾಗಿ ಕೂರುತ್ತದೆ. ಎಲ್ಲರೂ ಖುಷಿ. ಆದರೆ ನಿಜವಾದ 'ಕ' 0.1. ವಿಧಾನದ ತಪ್ಪನ್ನು ಸ್ಥಿರಾಂಕ ನುಂಗಿಕೊಂಡು ಕೂತಿದೆ. ಅದೇ 0.095 ಇಟ್ಟುಕೊಂಡು ಸ್ಟೆಪ್ ಅರ್ಧ ಮಾಡಿದರೆ, ನಿಖರತೆ ಹೆಚ್ಚುವ ಬದಲು 47.7 ಬರುತ್ತದೆ. ಅಂದರೆ ಗ್ರಾಫ್ ಚೆನ್ನಾಗಿ ಕೂತಿತು ಅನ್ನುವುದು ಮಾದರಿ ಸರಿ ಇದೆ ಅನ್ನಲು ಸಾಕ್ಷಿಯಲ್ಲ. ಸ್ಟೆಪ್ ಬದಲಿಸಿದರೂ 'ಕ' ಅಲ್ಲೇ ನಿಲ್ಲುತ್ತದಾ ಅಂತ ಮೊದಲು ನೋಡಬೇಕು. ಕೋರ್ಸ್‌ಗಳಲ್ಲಿ ಇದಕ್ಕೆ ಇನ್ನೂ ಜಾಸ್ತಿ ಜಾಗ ಕೊಡಬೇಕಿತ್ತು ಅಂತ ನನಗೆ ಅನಿಸುತ್ತದೆ.

ಆಯ್ಲರ್ ಬಿಟ್ಟು ನಾಲ್ಕನೇ ದರ್ಜೆಯ ರುಂಗೆ-ಕುಟ್ಟಾ ವಿಧಾನ ಹಿಡಿದರೆ ಈ ತೊಂದರೆ ಎಷ್ಟೋ ಕಡಿಮೆ. ಪ್ರತಿ ಸ್ಟೆಪ್‌ಗೆ ನಾಲ್ಕು ಸಲ ವೇಗ ಲೆಕ್ಕ ಹಾಕಬೇಕು, ಆದರೆ 1 ನಿಮಿಷದ ಸ್ಟೆಪ್‌ನಲ್ಲೇ ತಪ್ಪು 0.00002 ಡಿಗ್ರಿಗೆ ಇಳಿಯುತ್ತದೆ. ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಈ ಜಾತಿಯ ವಿಧಾನ ಸಿದ್ಧವಾಗಿಯೇ ಇದೆ, ಸ್ಟೆಪ್ ಕೂಡ ಅದೇ ಆರಿಸಿಕೊಳ್ಳುತ್ತದೆ. ಒಂದು ಎಚ್ಚರ: ನಾವು ಏನೂ ಹೇಳದಿದ್ದರೆ ಅದು ಸಾವಿರದಲ್ಲಿ ಒಂದರಷ್ಟು ತಪ್ಪು ನಡೆಯುತ್ತದೆ ಅಂದುಕೊಳ್ಳುತ್ತದೆ. ಬಿಗಿ ಬೇಕಿದ್ದರೆ ನಾವೇ ಹೇಳಬೇಕು.

ಇನ್ನು ಸಮೀಕರಣವೇ ತಪ್ಪಿದ್ದರೆ? ಅಳತೆಯಲ್ಲಿ ಸಿಕ್ಕ ವ್ಯತ್ಯಾಸದ ನ್ಯಾಚುರಲ್ ಲಾಗರಿದಮ್ (ln) ತೆಗೆದು ಸಮಯದ ಎದುರು ಗ್ರಾಫ್ ಹಾಕಿ. ನ್ಯೂಟನ್ ನಿಯಮ ಹೊಂದಿದ್ದರೆ ನೇರ ಗೆರೆ ಬರಬೇಕು, ಅದರ ಇಳಿಜಾರೇ 'ಕ'. ಮುಚ್ಚಳ ತೆಗೆದ ಪಾತ್ರೆಯಲ್ಲಿ ಗೆರೆ ಶುರುವಿನಲ್ಲಿ ಕಡಿದಾಗಿ ಇಳಿದು ಆಮೇಲೆ ನಿಧಾನವಾಗುತ್ತದೆ. ಬಿಸಿ ಇದ್ದಾಗ ನೀರು ಆವಿಯಾಗಿ ಹೆಚ್ಚುವರಿ ಶಾಖ ಒಯ್ಯುತ್ತದೆ, ಅದು ನಮ್ಮ ಸಮೀಕರಣದಲ್ಲಿ ಇಲ್ಲವೇ ಇಲ್ಲ. ಸ್ಟೆಪ್ ಎಷ್ಟು ಚಿಕ್ಕದು ಮಾಡಿದರೂ ಈ ಬಾಗು ಹೋಗುವುದಿಲ್ಲ. ಮುಚ್ಚಳ ಹಾಕಿ ಮತ್ತೆ ಅಳೆದಾಗ ಗೆರೆ ನೆಟ್ಟಗಾದರೆ ಕಾರಣ ಸಿಕ್ಕಿತು. ನೀರಿನ ಜಾಗದಲ್ಲಿ ದಪ್ಪ ಘನವಸ್ತು ಇದ್ದರೆ ಇನ್ನೊಂದು ಪ್ರಶ್ನೆ ಬರುತ್ತದೆ: ಒಳಗೂ ಹೊರಗೂ ಒಂದೇ ತಾಪಮಾನ ಅನ್ನಬಹುದಾ? ಬಯೋ ಸಂಖ್ಯೆ (ವಸ್ತುವಿನ ಒಳಗೆ ಶಾಖ ಹರಿಯಲು ಇರುವ ಅಡ್ಡಿ, ಮೇಲ್ಮೈಯಿಂದ ಹೊರಹೋಗಲು ಇರುವ ಅಡ್ಡಿಯ ಎಷ್ಟು ಪಟ್ಟು ಅನ್ನುವುದು) 0.1ಕ್ಕಿಂತ ಕಡಿಮೆ ಇದ್ದರೆ ಅನ್ನಬಹುದು ಅನ್ನುವುದು ಎಂಜಿನಿಯರ್‌ಗಳ ವಾಡಿಕೆ.

ಏಕಮಾನದ ವಿಷಯ ಚಿಕ್ಕದು. 'ಕ' ನಿಮಿಷದಲ್ಲಿ, ಸ್ಟೆಪ್ ಸೆಕೆಂಡಿನಲ್ಲಿ ಇದ್ದರೆ ಕೋಡ್ ತಕರಾರು ಮಾಡುವುದಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನಷ್ಟವಾಗಿದ್ದು ಇಂಥದ್ದರಿಂದಲೇ. ಒಂದು ಪ್ರೋಗ್ರಾಂ ಪೌಂಡ್ ಲೆಕ್ಕದಲ್ಲಿ ಕೊಟ್ಟದ್ದನ್ನು ಇನ್ನೊಂದು ನ್ಯೂಟನ್ ಅಂತ ಓದಿಕೊಂಡಿತು. ವೇರಿಯಬಲ್ ಹೆಸರಿನಲ್ಲೇ ಏಕಮಾನ ಸೇರಿಸಿಬಿಡಿ.

ಕೊನೆಗೆ ಯಂತ್ರದ ಪಾಲು. 0.1 ಅನ್ನುವ ಸಂಖ್ಯೆ ಬೈನರಿಯಲ್ಲಿ ಪೂರ್ತಿ ಹಿಡಿಸುವುದಿಲ್ಲ. ಪೈಥಾನ್‌ನಲ್ಲಿ ಅದನ್ನು ಒಂದೊಂದಾಗಿ ನೂರು ಸಲ ಕೂಡಿದರೆ 10 ಬರುವುದಿಲ್ಲ, 9.99999999999998 ಬರುತ್ತದೆ. 'ಸಮಯ 10ಕ್ಕಿಂತ ಕಡಿಮೆ ಇರುವವರೆಗೆ ಓಡು' ಅಂತ ಬರೆದರೆ ಲೂಪ್ 101 ಸಲ ಓಡುತ್ತದೆ. ಸ್ಟೆಪ್‌ಗಳನ್ನು ಪೂರ್ಣಾಂಕದಲ್ಲಿ ಎಣಿಸಿ, ಆ ಎಣಿಕೆಯನ್ನು 0.1ರಿಂದ ಗುಣಿಸಿ ಸಮಯ ಪಡೆಯಿರಿ, ಅಷ್ಟೇ. 1991ರಲ್ಲಿ ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಶತ್ರುವಿನ ಕ್ಷಿಪಣಿಯನ್ನು ತಡೆಯದೆ ಹೋದದ್ದಕ್ಕೂ ಇದೇ 0.1 ಕಾರಣ. ಸುಮಾರು 100 ಗಂಟೆ ಓಡಿದ ಗಡಿಯಾರದಲ್ಲಿ 0.34 ಸೆಕೆಂಡ್ ವ್ಯತ್ಯಾಸ ಸೇರಿಕೊಂಡಿತ್ತು. 28 ಸೈನಿಕರು ಸತ್ತರು.

ಅಭ್ಯಾಸಕ್ಕೆ ಸ್ಪ್ರಿಂಗ್‌ಗೆ ಕಟ್ಟಿದ ಭಾರದ ಲೆಕ್ಕ ಹಿಡಿಯಿರಿ. ಘರ್ಷಣೆ ಬೇಡ, ದ್ರವ್ಯರಾಶಿ ಮತ್ತು ಸ್ಪ್ರಿಂಗ್ ಸ್ಥಿರಾಂಕ ಎರಡೂ 1, ಸ್ಟೆಪ್ 0.1. ಆಯ್ಲರ್‌ನಲ್ಲಿ ಪ್ರತಿ ಸ್ಟೆಪ್‌ಗೂ ಶಕ್ತಿ ಶೇಕಡಾ 1ರಷ್ಟು ಏರುತ್ತದೆ, 100 ಸ್ಟೆಪ್‌ಗೆ 2.7 ಪಟ್ಟು. ಈಗ ಒಂದೇ ಬದಲಾವಣೆ ಮಾಡಿ: ಮೊದಲು ವೇಗ ಲೆಕ್ಕ ಹಾಕಿ, ಸ್ಥಾನಕ್ಕೆ ಆ ಹೊಸ ವೇಗವನ್ನೇ ಬಳಸಿ. ಶಕ್ತಿ ಸ್ವಲ್ಪ ಆಚೀಚೆ ತೂಗಾಡುತ್ತದೆ, ಆದರೆ ಏರುತ್ತಾ ಹೋಗುವುದಿಲ್ಲ. ಯಾಕೆ ಅಂತ ಕಾಗದದ ಮೇಲೆ ಒಂದು ಸ್ಟೆಪ್ ಬಿಡಿಸಿ ನೋಡಿ.